ಮನೆಯಲ್ಲೇ ಎಂಜಿನ್ ಕಟ್ಟುವವರಿಗೆ ಅಳತೆಯ ಉಪಕರಣಗಳು: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು

ಪ್ರಶ್ನೆ: ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಎಂಜಿನ್ ಒಂದನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ಕಟ್ಟಬೇಕೆಂದಿದ್ದೇನೆ. ಸಿಲಿಂಡರ್ ಬೋರ್ ಸುಮಾರು 81 ಮಿ.ಮೀ., ಕ್ರ್ಯಾಂಕ್‌ಶಾಫ್ಟಿನ ಮೇನ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗ) 54 ಮಿ.ಮೀ., ಕನೆಕ್ಟಿಂಗ್ ರಾಡ್ ಕೂರುವ ಜರ್ನಲ್ 45 ಮಿ.ಮೀ. ಇವೆ. ಸದ್ಯಕ್ಕೆ ನನ್ನ ಬಳಿ ಇರುವುದು ಒಂದು ಡಿಜಿಟಲ್ ಕ್ಯಾಲಿಪರ್ ಮತ್ತು ಒಂದು ಫೀಲರ್ ಗೇಜ್ ಮಾತ್ರ. ಕ್ಯಾಲಿಪರ್ 0.01 ಮಿ.ಮೀ. ವರೆಗೂ ತೋರಿಸುತ್ತದೆ, ಅದೊಂದೇ ಸಾಲದೇ? ಸಾಲದು ಎಂದಾದರೆ ಕಡಿಮೆ ಖರ್ಚಿನಲ್ಲಿ ಏನೇನು ಕೊಳ್ಳಬೇಕು? ಅಗ್ಗದ ಮೈಕ್ರೋಮೀಟರ್ ಮತ್ತು ರಂಧ್ರದ ಒಳ ವ್ಯಾಸ ಅಳೆಯುವ ಬೋರ್ ಗೇಜ್‌ಗಳನ್ನು ನಂಬಬಹುದೇ?

ಉತ್ತರ: ಕ್ಯಾಲಿಪರ್ ಸಾಲದು. ಅದು ಪರದೆಯ ಮೇಲೆ 0.01 ಮಿ.ಮೀ. ತೋರಿಸುತ್ತದೆ ಎಂಬುದು ನಿಜ, ಆದರೆ ತೋರಿಸುವ ಅಂಕಿಯೂ ಅದರ ಹಿಂದಿರುವ ನಿಖರತೆಯೂ ಒಂದೇ ಅಲ್ಲ. ಒಳ್ಳೆಯ ತಯಾರಕರ 150 ಮಿ.ಮೀ. ಕ್ಯಾಲಿಪರಿನಲ್ಲೇ 0.02 ಮಿ.ಮೀ. ಅತ್ತ ಅಥವಾ ಇತ್ತ ತಪ್ಪಿರುವುದಕ್ಕೆ ಅವಕಾಶವಿದೆ. ಬೇರಿಂಗ್ ಕ್ಲಿಯರೆನ್ಸಿಗೆ (ಜರ್ನಲ್ ಮತ್ತು ಬೇರಿಂಗ್ ನಡುವಿನ ಸಣ್ಣ ಅಂತರಕ್ಕೆ) ಬಹಳ ಹಿಂದಿನಿಂದ ಬಳಕೆಯಲ್ಲಿರುವ ಸ್ಥೂಲ ಲೆಕ್ಕವೆಂದರೆ ಜರ್ನಲ್ ವ್ಯಾಸದ ಸಾವಿರದಲ್ಲೊಂದು ಪಾಲು. ಅಂದರೆ ನಿಮ್ಮ 45 ಮಿ.ಮೀ. ಜರ್ನಲ್ಲಿಗೆ ಸುಮಾರು 0.045, 54 ಮಿ.ಮೀ. ಜರ್ನಲ್ಲಿಗೆ ಸುಮಾರು 0.054 ಮಿ.ಮೀ. (ನಿಮ್ಮ ಎಂಜಿನ್ನಿನ ಕೈಪಿಡಿ ಹೇಳುವ ಅಂಕಿಯೇ ಅಂತಿಮ.) ಕ್ಲಿಯರೆನ್ಸ್ ತಿಳಿಯಲು ಎರಡು ಅಳತೆ ಬೇಕು: ಜರ್ನಲ್ಲಿನ ಹೊರ ವ್ಯಾಸ ಒಂದು, ಬೇರಿಂಗಿನ ಒಳ ವ್ಯಾಸ ಇನ್ನೊಂದು. ಎರಡರಲ್ಲೂ 0.02 ಮಿ.ಮೀ. ತಪ್ಪು ವಿರುದ್ಧ ದಿಕ್ಕಿಗೆ ಬಿದ್ದರೆ ಒಟ್ಟು 0.04 ಮಿ.ಮೀ. ಅನುಮಾನ ಉಳಿಯುತ್ತದೆ, ಹುಡುಕುತ್ತಿರುವ ಅಂಕಿಯಷ್ಟೇ ದೊಡ್ಡ ಅನುಮಾನ. ಜೊತೆಗೆ ಕ್ಯಾಲಿಪರಿನ ರಚನೆಯಲ್ಲೇ ಒಂದು ದೌರ್ಬಲ್ಯವಿದೆ. ಅಳೆಯುವ ವಸ್ತು ಒಂದು ರೇಖೆಯಲ್ಲಿ, ಸ್ಕೇಲ್ ಇನ್ನೊಂದು ರೇಖೆಯಲ್ಲಿ ಇರುವುದರಿಂದ, ಒತ್ತಡ ಸ್ವಲ್ಪ ಹೆಚ್ಚಾದರೂ ಜಾರುವ ದವಡೆ ಓರೆಯಾಗಿ ಅಳತೆ ಬದಲಾಗುತ್ತದೆ. ಮೈಕ್ರೋಮೀಟರಿನಲ್ಲಿ ಸ್ಕ್ರೂ, ಸ್ಕೇಲ್, ಅಳೆಯುವ ವಸ್ತು ಮೂರೂ ಒಂದೇ ಸಾಲಿನಲ್ಲಿವೆ. ಅದರ ಮೇಲಿನ ನಂಬಿಕೆಗೆ ಮೂಲ ಕಾರಣ ಇದೇ. ಬೋಲ್ಟಿನ ಉದ್ದ, ವಾಲ್ವ್ ಸ್ಪ್ರಿಂಗಿನ ಎತ್ತರ, ಬಿಡಿಭಾಗಗಳ ಸ್ಥೂಲ ಗಾತ್ರ ನೋಡಲು ನಿಮ್ಮ ಕ್ಯಾಲಿಪರ್ ಧಾರಾಳವಾಗಿ ಸಾಕು, ಅದನ್ನು ಬದಲಿಸುವ ಅಗತ್ಯವಿಲ್ಲ.

ಇನ್ನು ಏನು ಕೊಳ್ಳಬೇಕು ಎಂಬುದಕ್ಕೆ ಬರುವ ಮುನ್ನ, ಕಡಿಮೆ ಖರ್ಚಿನಲ್ಲಿ ಒಳ್ಳೆಯ ಅಳತೆ ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಆಯ್ಕೆಯೆಲ್ಲ ಅದರ ಮೇಲೆಯೇ ನಿಂತಿದೆ. ಎಂಜಿನ್ ಕಟ್ಟುವವರಿಗೆ ಬೇಕಾದದ್ದು ಬಹುಪಾಲು ಎರಡು ಗಾತ್ರಗಳ ನಡುವಿನ ವ್ಯತ್ಯಾಸ. ಜರ್ನಲ್ ನಿಜವಾಗಿ 44.985 ಮಿ.ಮೀ. ಇದೆಯೋ 44.989 ಇದೆಯೋ ಎಂಬುದಕ್ಕಿಂತ, ಅದರ ಸುತ್ತಲಿನ ಬೇರಿಂಗ್ ಅದಕ್ಕಿಂತ ಎಷ್ಟು ದೊಡ್ಡದಾಗಿದೆ ಎಂಬುದು ಮುಖ್ಯ. ಹಾಗಾಗಿ ಎರಡನ್ನೂ ಬೇರೆ ಬೇರೆ ಉಪಕರಣದಿಂದ ಅಳೆದು ಕಳೆಯುವ ಬದಲು ಒಂದೇ ಮೈಕ್ರೋಮೀಟರನ್ನು ಎರಡಕ್ಕೂ ಆಧಾರವಾಗಿ ಇಟ್ಟುಕೊಳ್ಳಬೇಕು.

ಕೆಲಸದ ಮೇಜಿನ ಮೇಲೆ ಇದು ಹೀಗೆ ನಡೆಯುತ್ತದೆ. 25–50 ಮಿ.ಮೀ. ಮೈಕ್ರೋಮೀಟರಿನಿಂದ ರಾಡ್ ಜರ್ನಲ್ಲನ್ನು ಅಳೆಯುತ್ತೀರಿ, 44.985 ಬಂತು ಎಂದಿಟ್ಟುಕೊಳ್ಳಿ. ಅದೇ ಅಂಕಿಗೆ ಮೈಕ್ರೋಮೀಟರನ್ನು ನಿಲ್ಲಿಸಿ ಲಾಕ್ ಮಾಡಿ, ಸ್ಟ್ಯಾಂಡಿನಲ್ಲಿ ಅಥವಾ ಮೆತ್ತನೆಯ ಹಿಡಿಕೆ ಹಾಕಿದ ವೈಸಿನಲ್ಲಿ ಕೂರಿಸಬೇಕು. ಈಗ ಡಯಲ್ ಬೋರ್ ಗೇಜಿನ ತಲೆಯನ್ನು ಮೈಕ್ರೋಮೀಟರಿನ ಅನ್ವಿಲ್ (ಸ್ಥಿರ ಮುಖ) ಮತ್ತು ಸ್ಪಿಂಡಲ್ (ಸರಿಯುವ ಮುಖ) ನಡುವೆ ಇಟ್ಟು ಮೆಲ್ಲಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತೂಗಿದರೆ, ಮುಳ್ಳು ಒಂದು ದಿಕ್ಕಿನಲ್ಲಿ ಸಾಗಿ ಒಂದು ಕಡೆ ತಿರುಗಿ ಹಿಂದಕ್ಕೆ ಬರುತ್ತದೆ. ಆ ತಿರುಗುವ ಬಿಂದುವೇ ಅತಿ ಕಡಿಮೆ ಅಂತರ; ಡಯಲನ್ನು ತಿರುಗಿಸಿ ಅಲ್ಲಿ ಸೊನ್ನೆ ಹೊಂದಿಸಿ. ಬಳಿಕ ಅದೇ ಗೇಜನ್ನು ಬೇರಿಂಗ್ ಶೆಲ್ (ಬೇರಿಂಗಿನ ಅರ್ಧವೃತ್ತದ ಎರಡು ತುಂಡು) ಕೂರಿಸಿ ಬಿಗಿದ ರಾಡಿನೊಳಗೆ ಇಳಿಸಿ, ಹಾಗೆಯೇ ತೂಗಿ, ಮುಳ್ಳು ತಿರುಗುವ ಜಾಗ ನೋಡಿ. ಸೊನ್ನೆಯಿಂದ ಅದು ಎಷ್ಟು ದೂರವಿದೆಯೋ ಅದೇ ಕ್ಲಿಯರೆನ್ಸ್, ಕಳೆಯುವ ಲೆಕ್ಕವೇ ಇಲ್ಲ. ಹೊಸಬರು ಗೊಂದಲಕ್ಕೆ ಬೀಳುವುದು ದಿಕ್ಕಿನ ವಿಷಯದಲ್ಲಿ: ಸಾಮಾನ್ಯ ಬೋರ್ ಗೇಜಿನಲ್ಲಿ ರಂಧ್ರ ಕಿರಿದಾದಷ್ಟೂ ಮುಳ್ಳು ಗಡಿಯಾರದ ದಿಕ್ಕಿಗೆ, ಹಿರಿದಾದಷ್ಟೂ ಅದಕ್ಕೆ ವಿರುದ್ಧವಾಗಿ ಹೋಗುತ್ತದೆ. ಹಾಗಾಗಿ ಕ್ಲಿಯರೆನ್ಸ್ ಇರುವ ಬೇರಿಂಗಿನಲ್ಲಿ ಮುಳ್ಳು ಸೊನ್ನೆಯ ಎಡಕ್ಕೆ ನಿಲ್ಲಬೇಕು.

ಇದರ ಲಾಭ ಗಮನಿಸಿ. ನಿಮ್ಮ ಮೈಕ್ರೋಮೀಟರ್ ಆ ಜಾಗದಲ್ಲಿ 4 ಮೈಕ್ರಾನ್ (0.004 ಮಿ.ಮೀ.) ಹೆಚ್ಚು ತೋರಿಸುತ್ತದೆ ಎನ್ನೋಣ. ಜರ್ನಲ್ ಅಳೆದಾಗ ಆ ತಪ್ಪು ಬಂತು. ಬೋರ್ ಗೇಜ್ ಹೊಂದಿಸಿದಾಗಲೂ ಅದೇ ತಪ್ಪು ಅಷ್ಟೇ ಪ್ರಮಾಣದಲ್ಲಿ ಬಂತು. ವ್ಯತ್ಯಾಸದಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕಿದವು. ಉಳಿಯುವುದು ಉಪಕರಣಗಳು ಅದೇ ಅಳತೆಯನ್ನು ಮತ್ತೆ ಮತ್ತೆ ಅದೇ ರೀತಿ ಕೊಡುತ್ತವೆಯೇ ಎಂಬ ಪ್ರಶ್ನೆ ಮಾತ್ರ. ಅಗ್ಗದ ಉಪಕರಣಗಳನ್ನು ನಂಬಬಹುದೇ ಎಂದು ಕೇಳಿದ್ದೀರಲ್ಲ, ಅದಕ್ಕೆ ನನ್ನ ಉತ್ತರ ಇದರಲ್ಲೇ ಇದೆ: ಒಂದೇ ಅಳತೆಯನ್ನು ಹತ್ತು ಬಾರಿಯೂ ಒಂದೇ ರೀತಿ ತೋರಿಸುವ ಅಗ್ಗದ ಉಪಕರಣ ನಂಬಿಕೆಗೆ ಅರ್ಹ, ಪ್ರಮಾಣಪತ್ರದೊಂದಿಗೆ ಬಂದರೂ ಪ್ರತಿ ಬಾರಿ ಬೇರೆ ಅಂಕಿ ಹೇಳುವ ಉಪಕರಣ ಅರ್ಹವಲ್ಲ.

ಆದ್ದರಿಂದ ನಿಮ್ಮ ಹಣದ ದೊಡ್ಡ ಪಾಲು ಮೈಕ್ರೋಮೀಟರಿಗೆ ಹೋಗಲಿ. ಯಾವ ವ್ಯಾಪ್ತಿಯವು ಬೇಕು ಎಂಬುದನ್ನು ನಿಮ್ಮ ಎಂಜಿನ್ನೇ ಹೇಳುತ್ತದೆ: ರಾಡ್ ಜರ್ನಲ್ಲಿಗೆ 25–50, ಮೇನ್ ಜರ್ನಲ್ಲಿಗೆ 50–75, ಪಿಸ್ಟನ್ ಮತ್ತು ಸಿಲಿಂಡರಿಗೆ 75–100, ವಾಲ್ವಿನ ಕಾಂಡ, ಶಿಮ್ ಇತ್ಯಾದಿಗಳಿಗೆ 0–25. ಆರೇಳು ಮೈಕ್ರೋಮೀಟರುಗಳು ಒಂದೇ ಪೆಟ್ಟಿಗೆಯಲ್ಲಿ ಬರುವ ದೊಡ್ಡ ಸೆಟ್ ಆಕರ್ಷಕವಾಗಿ ಕಾಣುತ್ತದೆ, ಆದರೆ ಅದರಲ್ಲಿ ಅರ್ಧದಷ್ಟನ್ನು ನೀವು ಎಂದೂ ತೆರೆಯುವುದಿಲ್ಲ. ಅದೇ ಹಣಕ್ಕೆ ಮಿಟುಟೊಯೊ ಅಥವಾ ಸ್ಟಾರೆಟ್‌ನಂತಹ ತಯಾರಕರ, ಬಳಸಿದ್ದರೂ ಸುಸ್ಥಿತಿಯಲ್ಲಿರುವ, ಬ್ಯಾಟರಿ ಇಲ್ಲದ ಮೈಕ್ರೋಮೀಟರುಗಳನ್ನು ಒಂದೊಂದಾಗಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಸ್ಟಾರೆಟ್ 1880ರಿಂದ, ಮಿಟುಟೊಯೊ 1934ರಿಂದ ಇರುವ ಸಂಸ್ಥೆಗಳು. ಕೆಳಗೆ ಬೀಳದೆ, ತುಕ್ಕು ಹಿಡಿಯದೆ ಉಳಿದ ಅವುಗಳ ಹಳೆಯ ಮೈಕ್ರೋಮೀಟರುಗಳು ದಶಕಗಳ ನಂತರವೂ ಸರಿಯಾಗಿ ಕೆಲಸ ಮಾಡುತ್ತವೆ. ಹೆಸರಾಂತ ತಯಾರಕರ ಹೆಸರಿನಲ್ಲಿ ನಕಲಿಗಳೂ ಮಾರುಕಟ್ಟೆಯಲ್ಲಿವೆ, ವಿಶೇಷವಾಗಿ ಡಿಜಿಟಲ್ ಕ್ಯಾಲಿಪರುಗಳಲ್ಲಿ. ನಂಬಲಾಗದಷ್ಟು ಅಗ್ಗವಾಗಿ ಸಿಗುವ ಹೊಸ ವಸ್ತುವನ್ನು ಅನುಮಾನದಿಂದಲೇ ನೋಡಿ.

ಡಿಜಿಟಲ್ ಮೈಕ್ರೋಮೀಟರ್ ಕಡ್ಡಾಯವಲ್ಲ. ಆದರೆ ಸ್ಲೀವಿನ (ಸ್ಥಿರ ಕೊಳವೆಯ) ಮೇಲೆ ವರ್ನಿಯರ್ ಗೆರೆಗಳಿದ್ದು 0.001 ಮಿ.ಮೀ. ವರೆಗೆ ಓದಬಹುದಾದದ್ದನ್ನೇ ಆರಿಸಿ. ಸಾಮಾನ್ಯ ಮೈಕ್ರೋಮೀಟರಿನ ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಸಾಗುತ್ತದೆ, ಥಿಂಬಲ್ (ತಿರುಗುವ ಕೊಳವೆ) ಮೇಲೆ 50 ಭಾಗಗಳಿರುತ್ತವೆ, ಹೀಗಾಗಿ ಒಂದು ಭಾಗವೆಂದರೆ 0.01 ಮಿ.ಮೀ. ಎರಡು ಗೆರೆಗಳ ನಡುವೆ ಎಲ್ಲಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದಕ್ಕಿಂತ ವರ್ನಿಯರ್ ನೋಡಿ ಓದುವುದು ಮೇಲು. ಹಾಗೆಂದು ಕೊನೆಯ ಅಂಕಿಯನ್ನು ಸತ್ಯವೆಂದು ಭಾವಿಸಬೇಡಿ. ಒಳ್ಳೆಯ ಹೊಸ ಮೈಕ್ರೋಮೀಟರುಗಳಿಗೂ ಗಾತ್ರಕ್ಕೆ ತಕ್ಕಂತೆ 2ರಿಂದ 5 ಮೈಕ್ರಾನ್ ತಪ್ಪಿಗೆ ಅವಕಾಶ ಇದ್ದೇ ಇರುತ್ತದೆ.

ಬಳಸಿದ ಮೈಕ್ರೋಮೀಟರನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಎರಡೂ ಮುಖಗಳ ನಡುವೆ ಶುಭ್ರವಾದ ಬಿಳಿ ಕಾಗದ ಇಟ್ಟು ಹಗುರವಾಗಿ ಮುಚ್ಚಿ ಕಾಗದವನ್ನು ಎಳೆಯಿರಿ; ಎಣ್ಣೆ, ಧೂಳು ಅದಕ್ಕೆ ಅಂಟಿಕೊಂಡು ಬರುತ್ತದೆ. ಒತ್ತಡವನ್ನು ಒಂದೇ ಹದದಲ್ಲಿಡುವ ರ‍್ಯಾಚೆಟನ್ನು ನಿಧಾನವಾಗಿ ಮೂರು ಬಾರಿ ಕಟಕಟ ಎನ್ನಿಸಿ ಸೊನ್ನೆ ನೋಡಿ, ಬಿಚ್ಚಿ ಮತ್ತೆ ಮುಚ್ಚಿ ನೋಡಿ, ಹೀಗೆ ಹಲವು ಬಾರಿ. 0–25ಕ್ಕಿಂತ ದೊಡ್ಡವಕ್ಕೆ ಜೊತೆಯಲ್ಲಿ ಬರುವ ಸೆಟ್ಟಿಂಗ್ ರಾಡ್ (ಗೊತ್ತಿರುವ ಉದ್ದದ ಕಡ್ಡಿ) ಬೇಕು, ಅದಿಲ್ಲದೆ ಮಾರುತ್ತಿದ್ದರೆ ಬೆಲೆಯಲ್ಲಿ ಅದರ ಖರ್ಚನ್ನೂ ಸೇರಿಸಿ ಯೋಚಿಸಿ. ಸೊನ್ನೆ ಸ್ಥಿರವಾಗಿ ಸ್ವಲ್ಪ ಆಚೀಚೆ ಇದ್ದರೆ ಚಿಂತೆಯಿಲ್ಲ, ಪುಟ್ಟ ಕೀಲಿಯಿಂದ ಸ್ಲೀವ್ ತಿರುಗಿಸಿ ಸರಿಪಡಿಸಬಹುದು. ಒಮ್ಮೊಮ್ಮೆ ಒಂದೊಂದು ತೋರಿಸಿದರೆ ಬಿಟ್ಟುಬಿಡಿ. ಸ್ಪಿಂಡಲ್ ಪೂರ್ತಿ ಉದ್ದಕ್ಕೂ ಒಂದೇ ಹದದಲ್ಲಿ ತಿರುಗಬೇಕು, ಅಲ್ಲಾಡಬಾರದು. ಲಾಕ್ ಮಾಡುವ ಮುನ್ನ ಒಂದು ಅಂಕಿ, ಮಾಡಿದ ನಂತರ ಇನ್ನೊಂದು ಬರುತ್ತದೆಯೇ ನೋಡಿ. ಅಗ್ಗದ ಮೈಕ್ರೋಮೀಟರುಗಳ ಅತಿ ದೊಡ್ಡ ದೋಷ ಇಲ್ಲೇ ಇರುತ್ತದೆ, ಮತ್ತು ಬೋರ್ ಗೇಜ್ ಹೊಂದಿಸುವ ನಮ್ಮ ಕೆಲಸಕ್ಕೆ ಅದೇ ಹೆಚ್ಚು ತೊಂದರೆ ಕೊಡುತ್ತದೆ. ಲಾಕ್ ಹಾಕಿದಾಗ ಅಂಕಿ ಜರುಗುವುದಾದರೆ, ಬೋರ್ ಗೇಜ್ ಹೊಂದಿಸುವಾಗ ಲಾಕ್ ಹಾಕದೆ ಎಚ್ಚರದಿಂದ ಬಳಸಬೇಕಾಗುತ್ತದೆ.

ಮೈಕ್ರೋಮೀಟರ್ ತನ್ನ ವ್ಯಾಪ್ತಿಯ ಉದ್ದಕ್ಕೂ ಸರಿಯಿದೆಯೇ ಎಂದು ತಿಳಿಯಲು ಸ್ಲಿಪ್ ಗೇಜ್ (ನಿಖರ ಗಾತ್ರದ ಬ್ಲಾಕ್) ಬೇಕು. ಪೂರ್ತಿ ಸೆಟ್ ಬೇಡ. ನಿಮ್ಮ ಕೆಲಸದ ಗಾತ್ರಗಳಿಗೆ ಹತ್ತಿರದ ಎರಡು ಮೂರು ಬಿಡಿ ಬ್ಲಾಕ್‌ಗಳು ಸಾಕು. ಕಾರ್ಯಾಗಾರದ ಬಳಕೆಗೆಂದಿರುವ 2ನೇ ದರ್ಜೆಯ ಬ್ಲಾಕಿನಲ್ಲೂ 50 ಮಿ.ಮೀ. ವರೆಗೆ ತಪ್ಪು ಒಂದು ಮೈಕ್ರಾನ್‌ಗಿಂತ ಕಡಿಮೆ ಇರುತ್ತದೆ, ನಮಗೆ ಅಷ್ಟು ಧಾರಾಳ. ಮೈಕ್ರೋಮೀಟರ್ ಪರೀಕ್ಷೆಗೆ ಬಳಸುವ ಬ್ಲಾಕ್‌ಗಳ ಗಾತ್ರ 5.1, 7.7, 10.3, 12.9 ಎಂದು ವಿಚಿತ್ರವಾಗಿ ಇರುವುದಕ್ಕೂ ಕಾರಣವಿದೆ. 5, 10, 15 ಮಿ.ಮೀ.ಗಳಲ್ಲಿ ಮಾತ್ರ ನೋಡಿದರೆ ಥಿಂಬಲ್ ಪ್ರತಿ ಬಾರಿಯೂ ಸೊನ್ನೆಯಲ್ಲೇ ನಿಲ್ಲುತ್ತದೆ; ಒಂದು ಸುತ್ತಿನೊಳಗೆ ಸ್ಕ್ರೂ ಎಳೆಯಲ್ಲಿರುವ ಏರುಪೇರು ಹಾಗೆ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ. ಬ್ಲಾಕಿನ ಬದಲು ಹೊಸ ಬಾಲ್ ಬೇರಿಂಗಿನ ಹೊರ ವ್ಯಾಸವನ್ನು ಮಾನದಂಡವಾಗಿ ಬಳಸಬಹುದು ಎಂಬ ಸಲಹೆ ನಿಮಗೂ ಸಿಕ್ಕೀತು. 6205 ಬೇರಿಂಗಿನ ಹೊರ ವ್ಯಾಸ 52 ಮಿ.ಮೀ. ಎಂದಿದ್ದರೂ ಸಾಮಾನ್ಯ ದರ್ಜೆಯಲ್ಲಿ ಅದು 13 ಮೈಕ್ರಾನ್ ಚಿಕ್ಕದಿರಲು ಅನುಮತಿಯಿದೆ. ಒಂದೇ ವಸ್ತುವನ್ನು ಪದೇ ಪದೇ ಅಳೆದು ಕೈಯ ಹದ ಪಳಗಿಸಿಕೊಳ್ಳಲು ಅದು ತಕ್ಕದ್ದು, ಮೈಕ್ರೋಮೀಟರಿನ ತಪ್ಪು ಹಿಡಿಯಲು ಅಲ್ಲ.

ಬೋರ್ ಗೇಜಿನಲ್ಲಿ ಹಣ ಉಳಿಸಬಹುದು, ಏಕೆಂದರೆ ಅದು ತಾನಾಗಿ ಯಾವ ಗಾತ್ರವನ್ನೂ ಹೇಳುವುದಿಲ್ಲ, ಮೈಕ್ರೋಮೀಟರ್ ಕೊಟ್ಟ ಗಾತ್ರದೊಂದಿಗೆ ಹೋಲಿಸುತ್ತದೆ ಅಷ್ಟೇ. ನಿಮಗೆ ಎರಡು ಬೇಕು. 35–60 ವ್ಯಾಪ್ತಿಯದು ರಾಡ್ ಮತ್ತು ಮೇನ್ ಬೇರಿಂಗ್ ಎರಡಕ್ಕೂ ಆಗುತ್ತದೆ, 50–160 ವ್ಯಾಪ್ತಿಯದು ಸಿಲಿಂಡರಿಗೆ. ಎರಡರ ಡಯಲ್ ಕೂರುವ ಕೊಳವೆಯ ಅಳತೆ ಒಂದೇ ಆಗಿದ್ದರೆ ಒಂದೇ ಡಯಲನ್ನು ಬದಲಿಸಿ ಬಳಸಬಹುದು. ಆಗ ಆ ಒಂದು ಡಯಲ್ ಒಳ್ಳೆಯದಿರಲಿ, 0.002 ಅಥವಾ 0.001 ಮಿ.ಮೀ. ಓದುವಂತಹದು. 0.01 ಮಿ.ಮೀ. ಡಯಲ್ ಸಿಲಿಂಡರಿನ ಸವೆತ ನೋಡಲು ಸಾಕು, ಬೇರಿಂಗಿಗೆ ಒರಟಾಯಿತು. ಕೊಂಡ ಮೇಲೆ ಬದಲಿಸುವ ಅನ್ವಿಲ್‌ನ ನಟ್ ಗಟ್ಟಿಯಾಗಿ ಹಿಡಿಯುತ್ತದೆಯೇ, ಗೇಜನ್ನು ನಡುವಿಗೆ ತರುವ ಸ್ಪ್ರಿಂಗ್ ಭಾಗ ಎಲ್ಲೂ ಸಿಕ್ಕಿಕೊಳ್ಳದೆ ಜಾರುತ್ತದೆಯೇ ಎಂದು ನೋಡಿ, ಒಂದೇ ರಂಧ್ರಕ್ಕೆ ಹತ್ತಾರು ಬಾರಿ ಇಳಿಸಿ ತೆಗೆದು ಮುಳ್ಳು ಒಂದೇ ಜಾಗದಲ್ಲಿ ತಿರುಗುತ್ತದೆಯೇ ಪರೀಕ್ಷಿಸಿ. ಟೆಲಿಸ್ಕೋಪಿಕ್ ಗೇಜ್ (ರಂಧ್ರದೊಳಗೆ ಹಿಗ್ಗಿಸಿ ಲಾಕ್ ಮಾಡಿ, ಹೊರತೆಗೆದು ಮೈಕ್ರೋಮೀಟರಿನಿಂದ ಅಳೆಯುವ ಕಡ್ಡಿ) ಬಹಳ ಅಗ್ಗ ನಿಜ, ಆದರೆ ಅದರ ಫಲಿತಾಂಶ ಕೈಯ ಸ್ಪರ್ಶವನ್ನೇ ನಂಬಿದೆ. ಸಿಲಿಂಡರನ್ನು ಕೊರೆಸಿ ಮುಂದಿನ ಓವರ್‌ಸೈಜಿಗೆ (ಹಿರಿದಾದ ಗಾತ್ರಕ್ಕೆ) ಒಯ್ಯಬೇಕೇ ಎಂದು ಅಂದಾಜಿಸಲು ಬಳಸಿ, ಬೇರಿಂಗಿಗೆ ಬೇಡ.

ಬೇರಿಂಗ್ ಅಳೆಯುವಾಗ ಮರೆಯಬಾರದ ಎರಡು ಸಂಗತಿಗಳಿವೆ. ಬೇರಿಂಗನ್ನು ಹಿಡಿದಿಡುವ ಕ್ಯಾಪಿನ ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಟಾರ್ಕಿಗೆ ಪೂರ್ತಿ ಬಿಗಿದ ಮೇಲೆಯೇ ಅಳೆಯಬೇಕು, ಸಡಿಲ ಕ್ಯಾಪಿನ ರಂಧ್ರ ಬೇರೆಯೇ ಆಕಾರದಲ್ಲಿರುತ್ತದೆ. ಹೀಗಾಗಿ ಟಾರ್ಕ್ ವ್ರೆಂಚ್ ಕೂಡ ನಿಮ್ಮ ಅಳತೆಯ ಉಪಕರಣಗಳಲ್ಲೊಂದು. ಎರಡನೆಯದಾಗಿ, ಅಳತೆಯನ್ನು ಎರಡು ಶೆಲ್‌ಗಳು ಸೇರುವ ಗೆರೆಗೆ ಲಂಬವಾಗಿ ತೆಗೆಯಬೇಕು. ಶೆಲ್‌ನ ದಪ್ಪ ನಡುವಿನಲ್ಲಿ ಹೆಚ್ಚು, ಸೇರುವ ಅಂಚಿನತ್ತ ಕಡಿಮೆ ಇರುವಂತೆ ಬೇಕೆಂದೇ ಮಾಡಿರುತ್ತಾರೆ. ಅಂಚಿನಲ್ಲಿ ಅಳೆದರೆ ಇಲ್ಲದ ಕ್ಲಿಯರೆನ್ಸ್ ಕಂಡು ಸರಿಯಾದ ಬೇರಿಂಗನ್ನೇ ಬದಲಿಸುವಂತಾಗುತ್ತದೆ.

ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಎಳೆಯ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುವುದು ಒಳ್ಳೆಯದು, ಏಕೆಂದರೆ ಅತಿ ಕಡಿಮೆ ಖರ್ಚಿನ ವಿಧಾನ ಅದೇ. ಎಣ್ಣೆ ಒರೆಸಿದ ಜರ್ನಲ್ ಮೇಲೆ ಎಳೆಯನ್ನಿಟ್ಟು, ಕ್ಯಾಪ್ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಪಟ್ಟಿಯೊಂದಿಗೆ ಹೋಲಿಸಬೇಕು. ಹಸಿರು ಬಣ್ಣದ್ದು 0.025ರಿಂದ 0.076 ಮಿ.ಮೀ. ವರೆಗೆ ಅಳೆಯುತ್ತದೆ, ನಿಮ್ಮ ಬೇರಿಂಗಿಗೆ ಅದೇ ಸರಿ. ಆದರೆ ಎಳೆ ಇಟ್ಟ ಒಂದು ಸಾಲಿನ ಕ್ಲಿಯರೆನ್ಸ್ ಮಾತ್ರ ಅದು ಹೇಳುತ್ತದೆ, ಜರ್ನಲ್ ಅಂಡಾಕಾರವಾಗಿ ಸವೆದಿದೆಯೇ ಎಂಬುದನ್ನಲ್ಲ. ಮೈಕ್ರೋಮೀಟರ್, ಬೋರ್ ಗೇಜ್ ಸೇರಿ ಕೊಟ್ಟ ಅಂಕಿಗೆ ಸಾಕ್ಷಿಯಾಗಿ ಅದನ್ನು ಬಳಸಿ. ಎರಡೂ ಹೊಂದದಿದ್ದರೆ ಅಳತೆಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ತಿಳಿದು ಮೊದಲಿನಿಂದ ಅಳೆಯಿರಿ.

ಮ್ಯಾಗ್ನೆಟಿಕ್ ಸ್ಟ್ಯಾಂಡಿನೊಂದಿಗೆ ಒಂದು ಸಾಮಾನ್ಯ 0.01 ಮಿ.ಮೀ. ಡಯಲ್ ಗೇಜ್ ಸಾಕು. ಕ್ರ್ಯಾಂಕಿನ ಉದ್ದದ ಆಟ, ವಿ-ಬ್ಲಾಕ್ ಮೇಲಿಟ್ಟು ಬಾಗು ನೋಡುವುದು, ವಾಲ್ವ್ ಗೈಡಿನ ಸಡಿಲ, ಎಲ್ಲವೂ ಅದರಿಂದಲೇ ಆಗುತ್ತದೆ. ಕ್ರ್ಯಾಂಕ್ ತಿರುಗಿಸಿದಾಗ ಮುಳ್ಳು ಓಡಾಡುವ ಒಟ್ಟು ಅಂತರ ನಿಜವಾದ ಬಾಗಿನ ಎರಡರಷ್ಟು ಎಂಬುದು ನೆನಪಿರಲಿ, ಕೈಪಿಡಿಯ ಅಂಕಿ ಯಾವುದನ್ನು ಹೇಳುತ್ತಿದೆ ಎಂದು ಓದಿ ನೋಡಿ. ಡಯಲಿನ ಕಡ್ಡಿ ಚಲನೆಯ ದಿಕ್ಕಿಗೆ ನೇರವಾಗಿರಲಿ. 30 ಡಿಗ್ರಿ ಓರೆಯಾದರೆ ಸುಮಾರು 15 ಪ್ರತಿಶತ ಹೆಚ್ಚು ತೋರಿಸುತ್ತದೆ. ಎಂಜಿನ್ ಬ್ಲಾಕ್ ಅಲ್ಯೂಮಿನಿಯಂ ಆಗಿದ್ದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ದಪ್ಪ ಉಕ್ಕಿನ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿ. ಸ್ಟ್ಯಾಂಡ್ ಕೊಳ್ಳುವಾಗ ಕೀಲುಗಳ ಬಿಗಿ ನೋಡಿ. ಅಲ್ಲಾಡುವ ಸ್ಟ್ಯಾಂಡ್ ಮೇಲೆ ಒಳ್ಳೆಯ ಡಯಲ್ ಇದ್ದೂ ಪ್ರಯೋಜನವಿಲ್ಲ.

ಖರ್ಚಿಲ್ಲದೆ ನಿಖರತೆ ಹೆಚ್ಚಿಸುವ ದಾರಿ ಉಷ್ಣತೆಯನ್ನು ಗಮನಿಸುವುದು. ಗಾತ್ರಗಳನ್ನು ಹೇಳುವ ಅಂತರರಾಷ್ಟ್ರೀಯ ಆಧಾರ 20 ಡಿಗ್ರಿ ಸೆಲ್ಸಿಯಸ್. ನಿಮ್ಮ ಶೆಡ್ ಅದೇ ಉಷ್ಣತೆಯಲ್ಲಿ ಇರಬೇಕಿಲ್ಲ, ಆದರೆ ಬ್ಲಾಕ್, ಪಿಸ್ಟನ್, ಮೈಕ್ರೋಮೀಟರ್, ಗೇಜ್ ಎಲ್ಲವೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಉಷ್ಣತೆಗೆ ಬಂದಿರಬೇಕು. 81 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಬಿಸಿಯಾದರೆ ಸುಮಾರು 0.019 ಮಿ.ಮೀ. ಹಿಗ್ಗುತ್ತದೆ, ಬಿಸಿಲಿನಲ್ಲಿಟ್ಟ ಪಿಸ್ಟನ್ನನ್ನು ತಂಪಾದ ಬ್ಲಾಕಿಗೆ ಹೋಲಿಸಿದರೆ 0.04 ಮಿ.ಮೀ. ಕ್ಲಿಯರೆನ್ಸಿನ ಅರ್ಧದಷ್ಟು ಅಲ್ಲೇ ಮಾಯವಾಗುತ್ತದೆ. ಮೈಕ್ರೋಮೀಟರಿನ ಚೌಕಟ್ಟನ್ನು ಶಾಖ ತಡೆಯುವ ಹಿಡಿಕೆಯ ಕಡೆಯಿಂದ ಮಾತ್ರ ಹಿಡಿಯಿರಿ.

ಫೀಲರ್ ಗೇಜ್ ನಿಮ್ಮ ಬಳಿ ಇರುವುದೇ ಸಾಕು, ರಿಂಗ್ ಗ್ಯಾಪ್ ನೋಡುವ ಮುನ್ನ ಬಳಸುವ ಎಲೆಗಳನ್ನು 0–25 ಮೈಕ್ರೋಮೀಟರಿನಲ್ಲಿ ಒಮ್ಮೆ ಅಳೆದುಕೊಳ್ಳಿ. ಸಿಲಿಂಡರ್ ಹೆಡ್ಡಿನ ಸಮತಟ್ಟು ನೋಡಲು ಒಳ್ಳೆಯ ಸ್ಟ್ರೇಟ್ ಎಡ್ಜ್ ಬೇಕು. ಅದನ್ನು ಒಂದು ದಿನಕ್ಕೆ ಎರವಲು ತಂದರೂ ನಡೆಯುತ್ತದೆ. ಹಣ ಒಮ್ಮೆಗೇ ಕೂಡದಿದ್ದರೆ ಮೊದಲು ಕ್ರ್ಯಾಂಕಿಗೆ ಬೇಕಾದ ಎರಡು ಮೈಕ್ರೋಮೀಟರ್ ಮತ್ತು 35–60 ಬೋರ್ ಗೇಜ್, ಆಮೇಲೆ ಡಯಲ್ ಗೇಜ್ ಮತ್ತು ಸ್ಟ್ಯಾಂಡ್, ಕೊನೆಯಲ್ಲಿ ಸಿಲಿಂಡರಿನವು ಎಂಬ ಕ್ರಮವನ್ನು ಸೂಚಿಸುತ್ತೇನೆ.

ಸಿಲಿಂಡರಿನವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ, ಬೋರ್ ಮಾಡಿಸುವ ಕೆಲಸ ಹೇಗೂ ಮಷಿನ್ ಶಾಪಿಗೆ ಹೋಗುತ್ತದೆ. ಅಲ್ಲಿಗೆ ಹೋಗುವಾಗ 81.25ಕ್ಕೆ ಬೋರ್ ಮಾಡಿ ಎಂದು ಅಂಕಿ ಬರೆದುಕೊಡಬೇಡಿ. ಹೊಸ ಪಿಸ್ಟನ್ನುಗಳನ್ನೇ ಒಯ್ದು ಕೊಟ್ಟು, ಪಿನ್ನಿಗೆ ಲಂಬವಾಗಿ, ತಯಾರಕರು ಹೇಳಿದ ಎತ್ತರದಲ್ಲಿ ಅವರ ಮೈಕ್ರೋಮೀಟರಿನಿಂದಲೇ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗದ ಮೈ) ಅಳೆದು, ಒಂದೊಂದು ಸಿಲಿಂಡರನ್ನೂ ಅದರದರ ಪಿಸ್ಟನ್ನಿಗೆ ಇಷ್ಟು ಕ್ಲಿಯರೆನ್ಸ್ ಬರುವಂತೆ ಹೋನ್ ಮಾಡಲು (ಸಾಣೆಕಲ್ಲಿನಿಂದ ಉಜ್ಜಿ ಅಂತಿಮ ಗಾತ್ರಕ್ಕೆ ತರಲು) ಹೇಳಿ. ನಿಮ್ಮ ಮೈಕ್ರೋಮೀಟರಿಗೂ ಅವರದಕ್ಕೂ ಇರುವ ವ್ಯತ್ಯಾಸ ಆಗ ಲೆಕ್ಕಕ್ಕೇ ಬರುವುದಿಲ್ಲ. ಬ್ಲಾಕ್ ವಾಪಸು ಬಂದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಕೋಣೆಯ ಉಷ್ಣತೆಗೆ ಬರಲು ಬಿಡಿ. ನಂತರ ಎಣ್ಣೆ ಒರೆಸಿ, ನಿಮ್ಮ 75–100 ಮೈಕ್ರೋಮೀಟರನ್ನು ಪಿಸ್ಟನ್ನಿಗೆ ಹೊಂದಿಸಿ, ಅದರಿಂದ ಬೋರ್ ಗೇಜನ್ನು ಸೊನ್ನೆಗೆ ತಂದು, ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ ಮತ್ತು ಅದಕ್ಕೆ ಅಡ್ಡಲಾಗಿ ಒಮ್ಮೆ, ಹೀಗೆ ಆರು ಕಡೆ ಅಳೆದು ಬರೆದಿಟ್ಟುಕೊಳ್ಳಿ.